ಹಳೆಯ ಡೆಸ್ಕ್‌ಟಾಪ್‌ಗೆ ಯಾವ ಎಸ್‌ಎಸ್‌ಡಿ ಹೊಂದುತ್ತದೆ? ದಯವಿಟ್ಟು ತಿಳಿಸಿ

ಬೆಳಗಿನ ಓದುಗ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 2014ರಲ್ಲಿ ಬಿಡಿಭಾಗ ಕೊಂಡು ಜೋಡಿಸಿದ ಡೆಸ್ಕ್‌ಟಾಪ್ ಇದೆ. ನಾಲ್ಕನೆಯ ತಲೆಮಾರಿನ ಇಂಟೆಲ್ ಐ5, ಎಚ್81 ಚಿಪ್‌ಸೆಟ್‌ನ ಮದರ್‌ಬೋರ್ಡ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಅಪ್ಪ ದಿನವೂ ಬೆಳಿಗ್ಗೆ ಅದರ ಮುಂದೆ ಕುಳಿತು ಬರೆಯುತ್ತಾರೆ. ಗುಂಡಿ ಒತ್ತಿ, ಎದ್ದು ಹೋಗಿ, ಮುಖ ತೊಳೆದುಕೊಂಡು ಬಂದರೂ ಪರದೆಯ ಮೇಲೆ ಚುಕ್ಕೆಗಳು ಸುತ್ತುತ್ತಲೇ ಇರುತ್ತವೆ. ನಿನ್ನೆ ಗಡಿಯಾರ ಹಿಡಿದು ನೋಡಿದೆ. ಗುಂಡಿ ಒತ್ತಿದ ಕ್ಷಣದಿಂದ ಅವರ ಕಡತ ತೆರೆದುಕೊಳ್ಳುವವರೆಗೆ ಆರು ನಿಮಿಷ ನಲವತ್ತು ಸೆಕೆಂಡು. ಟಾಸ್ಕ್ ಮ್ಯಾನೇಜರ್ ತೆರೆದರೆ ಡಿಸ್ಕ್ ಶೇ. 100 ಎಂದು ತೋರಿಸುತ್ತದೆ, ಪ್ರೊಸೆಸರ್ ಮಾತ್ರ ಶೇ. 10ರ ಆಸುಪಾಸಿನಲ್ಲಿ ಸುಮ್ಮನೆ ಕುಳಿತಿರುತ್ತದೆ.

ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲೇ ಕಡತ ಇಡುವ ಡ್ರೈವ್, ಹಾಕೋಣ ಎಂದುಕೊಂಡಿದ್ದೇನೆ. ಬೋರ್ಡಿನ ಸ್ಲಾಟಿಗೇ ಕೂರುವ ಎಂ.2 ಎನ್‌ವಿಎಂಇ ಸೆಕೆಂಡಿಗೆ 3,500 ಎಂಬಿ ಓದುತ್ತದೆಯಂತೆ, ಕೇಬಲ್‌ನಿಂದ ಜೋಡಿಸುವ ಸಾಟಾ ಎಸ್‌ಎಸ್‌ಡಿ 550 ಎಂಬಿ ಮಾತ್ರ. ಆರು ಪಟ್ಟು ವೇಗದ್ದನ್ನು ಬಿಟ್ಟು ನಿಧಾನದ್ದನ್ನು ಏಕೆ ಕೊಳ್ಳಬೇಕು? ನನ್ನ ಬೋರ್ಡಿಗೆ ಎಂ.2 ಹೊಂದುತ್ತದೆಯೇ? ಅಪ್ಪನ ಬರಹಗಳು, ಮನೆಯ ಫೋಟೋಗಳು ಎಲ್ಲ ಸೇರಿ 400 ಜಿಬಿ ಇದೆ. ಯಾವುದೂ ಹೋಗಬಾರದು, ಅಪ್ಪನಿಗೆ ಪರದೆ ಮೊದಲಿದ್ದ ಹಾಗೆಯೇ ಕಾಣಬೇಕು.

ಇನ್ನೊಂದು ವಿಷಯ. ಕಳೆದ ವಾರದಿಂದ ಕ್ಯಾಬಿನೆಟ್ ಒಳಗಿಂದ ಆಗಾಗ ಟಕ್, ಟಕ್ ಎಂಬ ಸದ್ದು ಬರುತ್ತಿದೆ. ಫ್ಯಾನಿನದ್ದಿರಬಹುದು.

ಸ್ಕ್ರೂಡ್ರೈವರ್

ಎಚ್81 ಬೋರ್ಡುಗಳಲ್ಲಿ ಎಂ.2 ಸ್ಲಾಟನ್ನು ಹುಡುಕುವ ಶ್ರಮ ಬೇಡ. ಆ ಕಾಲದ ಅಗ್ಗದ ಚಿಪ್‌ಸೆಟ್ (ಬೋರ್ಡಿನ ಪೋರ್ಟುಗಳನ್ನು ನಿಭಾಯಿಸುವ ಚಿಪ್) ಅದು. ಅದಕ್ಕಿರುವುದು ನಾಲ್ಕು ಸಾಟಾ ಪೋರ್ಟು. ನಿಮಗೆ ಬೇಕಾದದ್ದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ, ಅಂದರೆ ಅಂಗೈ ಅಗಲದ, 7 ಮಿ.ಮೀ. ದಪ್ಪದ ಪುಟ್ಟ ಪೆಟ್ಟಿಗೆ. ಹಾರ್ಡ್ ಡಿಸ್ಕಿಗೆ ಹೋಗಿರುವ ಕೇಬಲ್‌ಗಳೇ ಇದಕ್ಕೂ ಹೊಂದುತ್ತವೆ: ಡೇಟಾಗೆ 7 ಪಿನ್ನಿನದು, ವಿದ್ಯುತ್ತಿಗೆ 15 ಪಿನ್ನಿನದು.

ಬೋರ್ಡಿನ ಖಚಿತ ಮಾದರಿ ತಿಳಿಯಬೇಕಾದರೆ ವಿಂಡೋಸ್‌ನಲ್ಲಿ ಸಿಸ್ಟಮ್ ಇನ್ಫರ್ಮೇಷನ್ ತೆರೆದು ‘ಬೇಸ್‌ಬೋರ್ಡ್’ ಎಂಬ ಸಾಲು ನೋಡಿ. ಆ ಹೆಸರಿನ ಕೈಪಿಡಿಯನ್ನು ತಯಾರಕರ ಜಾಲತಾಣದಿಂದ ಇಳಿಸಿಕೊಂಡು ಸಾಟಾ ಪೋರ್ಟುಗಳ ಪುಟವನ್ನು ಓದಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಮಿಂಚುಹುಳ

ಸ್ಲಾಟ್ ಇಲ್ಲದಿದ್ದರೇನಾಯಿತು? ಗ್ರಾಫಿಕ್ಸ್ ಕಾರ್ಡಿನಂಥವನ್ನು ಹಾಕುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಕೂರಿಸುವ ಅಡಾಪ್ಟರ್ ಕಾರ್ಡ್ ಸಿಗುತ್ತದೆ, ಅದರ ಮೇಲೆ ಎನ್‌ವಿಎಂಇ ಕೂರಿಸಿದರೆ ಆಯಿತು. ನಾನು ಹಾಗೆಯೇ ಮಾಡಿದ್ದೇನೆ. ಮುಂದೆ ಹೊಸ ಕಂಪ್ಯೂಟರ್ ಕೊಂಡಾಗ ಆ ಡ್ರೈವನ್ನು ಬಿಚ್ಚಿ ಅದಕ್ಕೆ ಹಾಕಿಕೊಳ್ಳಬಹುದು. ಸಾಟಾದ ಕಾಲ ಮುಗಿಯುತ್ತಾ ಬಂದಿದೆ, ಈಗ ಅದರ ಮೇಲೆ ಹಣ ಸುರಿಯುವುದು ನನಗೆ ಸರಿ ಕಾಣುವುದಿಲ್ಲ.

ಕಡತಪಾಲಕಿ

ಯಾವ ಡ್ರೈವ್ ಎಂಬ ಚರ್ಚೆ ಆಮೇಲೆ ಇಟ್ಟುಕೊಳ್ಳೋಣ. ಬೆಳಗಿನ ಓದುಗರೇ, ಆ ಟಕ್ ಟಕ್ ಸದ್ದು ಫ್ಯಾನಿನದಲ್ಲ. ಫ್ಯಾನ್ ಕೆಟ್ಟರೆ ಗೊರಗುಟ್ಟುತ್ತದೆ, ಇಲ್ಲವೇ ಒಂದೇ ಸಮನೆ ಕಿರುಗುಟ್ಟುತ್ತದೆ. ಬಿಟ್ಟು ಬಿಟ್ಟು ಬರುವ ಟಕ್ ಎಂದರೆ ಹಾರ್ಡ್ ಡಿಸ್ಕಿನ ಓದುವ ತಲೆ ತನ್ನ ಜಾಗ ಸಿಗದೆ ಹಿಂದಕ್ಕೆ ಹೋಗಿ ಮತ್ತೆ ಮತ್ತೆ ಪ್ರಯತ್ನಿಸುತ್ತಿರುವ ಸದ್ದು. ನಿಮ್ಮ ಆರು ನಿಮಿಷಕ್ಕೂ ಅದೇ ಕಾರಣ ಇರಬಹುದು.

ಇವತ್ತೇ, ಈಗಲೇ, ತಂದೆಯವರ ಬರಹದ ಫೋಲ್ಡರನ್ನು ಮೊದಲು ಪೆನ್‌ಡ್ರೈವಿಗೆ ನಕಲಿಸಿ. ಬರಹ ಹೆಚ್ಚು ಜಾಗ ಹಿಡಿಯುವುದಿಲ್ಲ, ಐದು ನಿಮಿಷದ ಕೆಲಸ. ಆಮೇಲೆ ಫೋಟೋಗಳನ್ನು ಎಕ್ಸ್‌ಟರ್ನಲ್ ಡಿಸ್ಕಿಗೆ ಹಾಕಿ. ಅಷ್ಟು ಮುಗಿಯುವ ತನಕ ಆ ಯಂತ್ರದಲ್ಲಿ ಬೇರೆ ಏನನ್ನೂ ಮಾಡಬೇಡಿ.

ರಾತ್ರಿಪಾಳಿ

ಅಷ್ಟೊಂದು ಗಾಬರಿ ಏಕೆ? ನಮ್ಮದೂ ಹೀಗೆಯೇ ನಿಧಾನವಾಗಿತ್ತು. ಒಂದು ರಾತ್ರಿ ಪೂರ್ತಿ ಡಿಫ್ರಾಗ್ ಹಾಕಿ ಬಿಟ್ಟೆ, ಬೆಳಿಗ್ಗೆ ಚೆನ್ನಾಗಿ ಓಡಿತು. ಮೊದಲು ಖರ್ಚಿಲ್ಲದ ದಾರಿ ನೋಡಲಿ.

ಕಡತಪಾಲಕಿ

ದಯವಿಟ್ಟು ಬೇಡ. ಡಿಫ್ರಾಗ್ ಎಂದರೆ ಡಿಸ್ಕಿನ ಮೇಲೆ ಚದುರಿರುವ ತುಣುಕುಗಳನ್ನೆಲ್ಲ ಓದಿ, ಎತ್ತಿ, ಬೇರೆ ಕಡೆ ಬರೆಯುವುದು. ಗಂಟೆಗಟ್ಟಲೆ ಎಡೆಬಿಡದ ದುಡಿಮೆ ಅದು. ಆರೋಗ್ಯವಾಗಿರುವ ಹಾರ್ಡ್ ಡಿಸ್ಕಿಗೆ ಸರಿ, ನಿಮ್ಮದು ಆರೋಗ್ಯವಾಗಿತ್ತು. ಸದ್ದು ಮಾಡುತ್ತಿರುವ ಡಿಸ್ಕಿಗೆ ಅದನ್ನು ಹಾಕಿದರೆ ಉಳಿದ ಉಸಿರನ್ನೂ ಅಲ್ಲಿಯೇ ಕಳೆದಂತೆ. ಒಂದು ಕಚೇರಿಯಲ್ಲಿ ಹದಿನಾಲ್ಕು ವರ್ಷ ಕಡತಗಳನ್ನು ಕಾಯುವ ಕೆಲಸ ಮಾಡಿದ್ದೇನೆ. ‘ಒಮ್ಮೆ ಸರಿಮಾಡಿ ನೋಡೋಣ, ಆಮೇಲೆ ನಕಲಿಸೋಣ’ ಎಂದವರ ಡಿಸ್ಕುಗಳನ್ನು ಕಂಡಿದ್ದೇನೆ. ಮೊದಲು ನಕಲು, ಆಮೇಲೆ ರಿಪೇರಿ.

ಸ್ಕ್ರೂಡ್ರೈವರ್

ಮೇಲಿನ ಮಾತಿಗೆ ನನ್ನದೂ ಸಹಮತ. ಡಿಫ್ರಾಗ್ ಬೇಡವೇ ಬೇಡ.

ರಾತ್ರಿಪಾಳಿ

ಸರಿ, ಒಪ್ಪಿದೆ. ಸದ್ದಿನ ಬಗ್ಗೆ ಬರೆದದ್ದನ್ನು ನಾನು ಗಮನಿಸಿರಲಿಲ್ಲ. ಹಾಗಾದರೆ ಎಸ್‌ಎಸ್‌ಡಿ ಹಾಕಿದ ಮೇಲೆ ತಿಂಗಳಿಗೊಮ್ಮೆ ಡಿಫ್ರಾಗ್ ಮಾಡಬೇಕೇ?

ಅಂಕಿಲೆಕ್ಕ

ಬೇಕಿಲ್ಲ. ಎಸ್‌ಎಸ್‌ಡಿಯಲ್ಲಿ ತುಣುಕು ಎಲ್ಲಿದ್ದರೂ ತಲುಪಲು ಹಿಡಿಯುವ ಸಮಯ ಒಂದೇ. ವಿಂಡೋಸ್‌ನಲ್ಲಿ ‘ಆಪ್ಟಿಮೈಸ್ ಡ್ರೈವ್ಸ್’ ಎಂಬುದನ್ನು ಇದ್ದ ಹಾಗೆಯೇ ಬಿಡಿ. ಅದು ಎಸ್‌ಎಸ್‌ಡಿಯನ್ನು ಗುರುತಿಸಿ ಟ್ರಿಮ್ ಆದೇಶ ಕಳುಹಿಸುತ್ತದೆ, ಅಂದರೆ ಅಳಿಸಿದ ಕಡತಗಳ ಜಾಗ ಖಾಲಿಯಾಗಿದೆ ಎಂದು ಡ್ರೈವಿಗೆ ತಿಳಿಸುತ್ತದೆ.

ಈಗ ಮಿಂಚುಹುಳ ಅವರ ಮಾತಿಗೆ ಬರುತ್ತೇನೆ. 3,500 ಮತ್ತು 550 ಎಂಬ ಅಂಕಿಗಳು ಒಂದೇ ದೊಡ್ಡ ಕಡತವನ್ನು ಮೊದಲಿನಿಂದ ಕೊನೆಯವರೆಗೆ ಸಾಲಾಗಿ ಓದುವಾಗಿನವು. ವಿಂಡೋಸ್ ಏಳುವಾಗ ನಡೆಯುವುದು ಅದಲ್ಲ. ಸಾವಿರಾರು ಪುಟ್ಟ ಕಡತಗಳು, ಒಂದು ಇಲ್ಲಿ, ಇನ್ನೊಂದು ಅಲ್ಲಿ. ಹಾರ್ಡ್ ಡಿಸ್ಕ್ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ ಎಂದರೆ ಸೆಕೆಂಡಿಗೆ 120 ಸುತ್ತು. ಒಂದು ಸುತ್ತಿಗೆ 8.3 ಮಿಲಿಸೆಕೆಂಡು. ಬೇಕಾದ ತುಣುಕು ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದು 4 ಮಿಲಿಸೆಕೆಂಡು. ತಲೆ ಸರಿಯಾದ ಪಥಕ್ಕೆ ಸರಿಯಲು ಇನ್ನು 9 ಮಿಲಿಸೆಕೆಂಡು. ಒಟ್ಟು 13. ಹೀಗಾಗಿ ಸೆಕೆಂಡಿಗೆ ಎಂಬತ್ತು ತುಣುಕು ಓದಿದರೆ ಹೆಚ್ಚು. ಎಸ್‌ಎಸ್‌ಡಿಗೆ ಪ್ರತಿ ತುಣುಕಿಗೆ ಸುಮಾರು 0.1 ಮಿಲಿಸೆಕೆಂಡು ಸಾಕು, ಸಾಟಾ ಆದರೂ ಅಷ್ಟೇ. ನಿಜವಾದ ನೆಗೆತ ಇರುವುದು ಹಾರ್ಡ್ ಡಿಸ್ಕಿನಿಂದ ಎಸ್‌ಎಸ್‌ಡಿಗೆ. ಸಾಟಾದಿಂದ ಎನ್‌ವಿಎಂಇಗೆ ಹೋದರೆ ಬರಹಗಾರರಿಗೆ ವ್ಯತ್ಯಾಸ ಗೊತ್ತಾಗುವುದೂ ಕಷ್ಟ.

ಮಿಂಚುಹುಳ

ಲೆಕ್ಕ ಒಪ್ಪುತ್ತೇನೆ. ಆದರೆ ದೊಡ್ಡ ವಿಡಿಯೋ ಕಡತ ನಕಲಿಸುವವರಿಗೆ ವ್ಯತ್ಯಾಸ ಕಣ್ಣಿಗೆ ರಾಚುತ್ತದೆ. ‘ಗೊತ್ತಾಗುವುದೇ ಇಲ್ಲ’ ಎಂದು ಎಲ್ಲರ ಪರವಾಗಿ ತೀರ್ಪು ಕೊಡಬೇಡಿ.

ಅಂಕಿಲೆಕ್ಕ

ಬರಹಗಾರರಿಗೆ ಎಂದೇ ಬರೆದಿದ್ದೇನೆ. ಇಲ್ಲಿ ಕೇಳಿರುವುದು ಅವರ ತಂದೆಗಾಗಿ.

ಸ್ಕ್ರೂಡ್ರೈವರ್

ಅಡಾಪ್ಟರ್ ವಿಷಯದಲ್ಲಿ ಮುಖ್ಯವಾದ ತೊಡಕನ್ನು ಯಾರೂ ಹೇಳಲಿಲ್ಲ. ಎನ್‌ವಿಎಂಇ ಡ್ರೈವಿನಿಂದ ಕಂಪ್ಯೂಟರ್ ಎದ್ದೇಳಬೇಕಾದರೆ ಮದರ್‌ಬೋರ್ಡಿನ ಬಯಾಸ್‌ಗೆ, ಅಂದರೆ ಗುಂಡಿ ಒತ್ತಿದ ಕೂಡಲೇ ಮೊದಲು ಓಡುವ ತಂತ್ರಾಂಶಕ್ಕೆ, ಎನ್‌ವಿಎಂಇ ಭಾಷೆ ಬರಬೇಕು. ಅದು ಸಾಮಾನ್ಯವಾಗಿ ಕಾಣಿಸಿಕೊಂಡದ್ದು ಇಂಟೆಲ್‌ನ 9 ಸರಣಿಯ ಚಿಪ್‌ಸೆಟ್‌ಗಳಿಂದ ಈಚೆಗೆ, ಅದೂ ಹಲವು ಬೋರ್ಡುಗಳಲ್ಲಿ ಬಯಾಸ್ ನವೀಕರಿಸಿದ ಮೇಲೆ. ಎಚ್81 ಅದಕ್ಕೂ ಹಿಂದಿನದು. ಡ್ರೈವ್ ವಿಂಡೋಸ್ ಒಳಗೆ ಕಾಣುತ್ತದೆ, ಕಡತ ಇಡಬಹುದು, ಆದರೆ ಅದರಿಂದಲೇ ಯಂತ್ರ ಏಳುವುದಿಲ್ಲ. ಮಿಂಚುಹುಳ ಅವರೇ, ನಿಮ್ಮದು ಹೇಗೆ ಏಳುತ್ತದೆ?

ಮಿಂಚುಹುಳ

ಒಂದು ಪೆನ್‌ಡ್ರೈವಿನಲ್ಲಿ ಕ್ಲೋವರ್ ಬೂಟ್‌ಲೋಡರ್ ಹಾಕಿ ಹಿಂಭಾಗದಲ್ಲಿ ಸದಾ ಚುಚ್ಚಿಟ್ಟಿದ್ದೇನೆ. ಮೊದಲು ಅದು ಎದ್ದು, ಎನ್‌ವಿಎಂಇಯನ್ನು ಎಬ್ಬಿಸುತ್ತದೆ. ಎರಡು ವರ್ಷದಿಂದ ತೊಂದರೆ ಇಲ್ಲ.

ಸ್ಕ್ರೂಡ್ರೈವರ್

ನಿಮಗೆ ತೊಂದರೆ ಇಲ್ಲ, ಏಕೆಂದರೆ ಅದು ಏನೆಂದು ನಿಮಗೆ ಗೊತ್ತು. ಮನೆಗೆ ಬಂದ ಯಾರಾದರೂ ಆ ಪೆನ್‌ಡ್ರೈವನ್ನು ಕಿತ್ತುಕೊಂಡು ಹೋದರೆ ಮರುದಿನ ಬೆಳಿಗ್ಗೆ ಅವರ ತಂದೆಯ ಮುಂದೆ ಕಪ್ಪು ಪರದೆ. ಅದೂ ಅಲ್ಲದೆ ಎಚ್81ನಲ್ಲಿ ಗ್ರಾಫಿಕ್ಸ್ ಕಾರ್ಡಿನ ಉದ್ದ ಸ್ಲಾಟ್ ಕೂಡ ಪಿಸಿಐ ಎಕ್ಸ್‌ಪ್ರೆಸ್ 2.0. ಎನ್‌ವಿಎಂಇ ಬಳಸುವ ನಾಲ್ಕು ಲೇನಿಗೆ (ಡೇಟಾ ಓಡುವ ದಾರಿಗಳಿಗೆ) ಸೈದ್ಧಾಂತಿಕ ಮಿತಿಯೇ ಸೆಕೆಂಡಿಗೆ 2,000 ಎಂಬಿ. 3,500 ಅಲ್ಲಿ ಬರುವುದೇ ಇಲ್ಲ.

ಮಿಂಚುಹುಳ

ಈ ಮನೆಗೆ ಸಾಟಾ ಸರಿ. ಹೊಸ ಬೋರ್ಡ್ ಇರುವವರು ಮಾತ್ರ ಇದನ್ನು ಓದಿ ಸಾಟಾ ಕೊಳ್ಳಬೇಡಿ, ಅಷ್ಟು ಸೇರಿಸುತ್ತೇನೆ.

ಗುಬ್ಬಚ್ಚಿ

ಹೊಸ ಬೋರ್ಡ್ ಇರುವವರಿಗೆ ನನ್ನ ಅನುಭವ. ಎಂ.2 ಎಂಬುದು ಆಕಾರದ ಹೆಸರು, ವೇಗದ ಹೆಸರಲ್ಲ. ನಾನು ಅದನ್ನು ತಿಳಿಯದೆ ಎಂ.2 ಎಂದು ಬರೆದದ್ದನ್ನು ನೋಡಿ ಕೊಂಡು ತಂದೆ. ಅದು ಎಂ.2 ಆಕಾರದ ಸಾಟಾ ಡ್ರೈವ್, ನನ್ನ ಬೋರ್ಡಿನ ಸ್ಲಾಟ್ ಎನ್‌ವಿಎಂಇಗೆ ಮಾತ್ರ ಮೀಸಲು. ಸರಾಗವಾಗಿ ಒಳಗೆ ಹೋಯಿತು, ಸ್ಕ್ರೂ ಕೂಡ ಬಿಗಿಯಿತು, ಆದರೆ ಕಂಪ್ಯೂಟರಿಗೆ ಅದು ಕಾಣಿಸಲೇ ಇಲ್ಲ. ಎರಡು ಗಂಟೆ ತಲೆ ಕೆಡಿಸಿಕೊಂಡೆ. ಡ್ರೈವಿನ ತುದಿಯಲ್ಲಿ ಎರಡು ಕಚ್ಚು ಇದ್ದರೆ ಅದು ಬಹುಪಾಲು ಸಾಟಾ, ಒಂದೇ ಕಚ್ಚು ಇದ್ದರೆ ಸಾಮಾನ್ಯವಾಗಿ ಎನ್‌ವಿಎಂಇ. ಆದರೂ ಕಚ್ಚನ್ನು ನಂಬಿ ಕೊಳ್ಳದೆ ಪೆಟ್ಟಿಗೆಯ ಮೇಲಿನ ಬರಹ ಮತ್ತು ಬೋರ್ಡಿನ ಕೈಪಿಡಿ ಎರಡನ್ನೂ ಓದಿ. 2280 ಎಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. ಸ್ಕ್ರೂ ಕೂರುವ ಕಂಬ ಆ ಉದ್ದಕ್ಕೆ ಇದೆಯೇ ಎಂದೂ ನೋಡಿಕೊಳ್ಳಿ.

ತಂತಿಜಾಲ

ಇದರ ಜೊತೆಗೆ ಇನ್ನೊಂದು. ಕೆಲವು ಬೋರ್ಡುಗಳಲ್ಲಿ ಎಂ.2 ಸ್ಲಾಟ್ ತುಂಬಿದ ಕೂಡಲೇ ಒಂದೆರಡು ಸಾಟಾ ಪೋರ್ಟುಗಳು ತಾವಾಗಿಯೇ ನಿಂತುಹೋಗುತ್ತವೆ, ಏಕೆಂದರೆ ಇಬ್ಬರೂ ಹಂಚಿಕೊಳ್ಳುವುದು ಒಂದೇ ದಾರಿಯನ್ನು. ಹೊಸ ಡ್ರೈವ್ ಹಾಕಿದೆ, ಹಳೆಯದು ಸತ್ತುಹೋಯಿತು ಎಂದು ಅಂದುಕೊಳ್ಳುವವರು ಬಹಳ. ಕೇಬಲನ್ನು ಬೇರೆ ಪೋರ್ಟಿಗೆ ಹಾಕಿದರೆ ಮರಳಿ ಬರುತ್ತದೆ.

ಬೆಳಗಿನ ಓದುಗ

ಕಡತಪಾಲಕಿ ಮೇಡಂ, ಬಹಳ ಉಪಕಾರವಾಯಿತು. ರಾತ್ರಿಯೇ ಅಪ್ಪನ ಬರಹಗಳನ್ನು ಪೆನ್‌ಡ್ರೈವಿಗೆ ಹಾಕಿದೆ. ಫೋಟೋಗಳು ಎಕ್ಸ್‌ಟರ್ನಲ್ ಡಿಸ್ಕಿಗೆ ಹೋಗಲು ಒಂಬತ್ತು ಗಂಟೆ ಹಿಡಿಯಿತು. ನಡುವೆ ಮೂರು ಸಲ ವೇಗ ಸೊನ್ನೆಗೆ ಇಳಿದು, ಟಕ್ ಟಕ್ ಎಂದು, ಮತ್ತೆ ಓಡಿತು. ನಾಲ್ಕು ಫೋಟೋಗಳು ಬರಲೇ ಇಲ್ಲ, ಉಳಿದದ್ದೆಲ್ಲ ಬಂದಿದೆ.

ಆಮೇಲೆ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ನೋಡಿದೆ. ಹಳದಿ ಬಣ್ಣದಲ್ಲಿ ಎಚ್ಚರಿಕೆ ತೋರಿಸುತ್ತಿದೆ. ‘ರೀಅಲೊಕೇಟೆಡ್ ಸೆಕ್ಟರ್ಸ್’ ಎಂಬ ಸಾಲಿನ ಎದುರು ಉದ್ದನೆಯ ಸೊನ್ನೆಗಳ ಕೊನೆಗೆ ಬಿ8 ಎಂದಿದೆ, ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಎದುರು 18. ಬಿ8 ಎಂದರೆ ಏನು? ದೋಷದ ಸಂಕೇತವೇ?

ಅಂಕಿಲೆಕ್ಕ

ಸಂಕೇತವಲ್ಲ, ಸಂಖ್ಯೆಯೇ. ಆ ತಂತ್ರಾಂಶ ಕಚ್ಚಾ ಅಂಕಿಗಳನ್ನು ಹದಿನಾರರ ಮಾನದಲ್ಲಿ ತೋರಿಸುತ್ತದೆ. ಬಿ ಎಂದರೆ ಹನ್ನೊಂದು. 11 × 16 = 176, ಅದಕ್ಕೆ 8 ಸೇರಿಸಿದರೆ 184. ಹಾಗೆಯೇ ಅಲ್ಲಿನ 18 ಎಂದರೆ 16 + 8, ಅಂದರೆ 24. ನಿಮ್ಮ ಡಿಸ್ಕ್ ಈಗಾಗಲೇ 184 ಜಾಗಗಳನ್ನು ಕೆಟ್ಟವೆಂದು ಬಿಟ್ಟುಕೊಟ್ಟು ಮೀಸಲು ಜಾಗಕ್ಕೆ ಬದಲಿಸಿದೆ. ಇನ್ನು 24 ಜಾಗಗಳನ್ನು ಓದಲಾಗದೆ ಪರದಾಡುತ್ತಿದೆ. ಬಾರದೆ ಹೋದ ನಾಲ್ಕು ಫೋಟೋಗಳು ಬಹುಶಃ ಅಲ್ಲಿಯೇ ಇವೆ.

ತಂತಿಜಾಲ

ಬ್ಯಾಕಪ್ ಆಗಿದೆಯಲ್ಲ, ಇನ್ನು ಕ್ಲೋನ್ ಮಾಡಿಬಿಡಿ. ಕ್ಲೋನ್‌ಜಿಲ್ಲಾ ಎಂಬ ತಂತ್ರಾಂಶವಿರುವ ಪೆನ್‌ಡ್ರೈವಿನಿಂದ ಯಂತ್ರ ಏಳಿಸಿ, ಹಳೆಯ ಡಿಸ್ಕನ್ನು ಹೊಸದಕ್ಕೆ ಅಚ್ಚೊತ್ತಿದ ಹಾಗೆ ನಕಲಿಸಿದರೆ ಅಪ್ಪನಿಗೆ ಪರದೆ ಮೊದಲಿನಂತೆಯೇ ಕಾಣುತ್ತದೆ. ಆರು ಡೆಸ್ಕ್‌ಟಾಪ್‌ಗಳಿಗೆ ಹೀಗೆ ಮಾಡಿದ್ದೇನೆ.

ಕಡತಪಾಲಕಿ

ಆರೋಗ್ಯವಂತ ಡಿಸ್ಕಾದರೆ ನಾನೂ ಅದನ್ನೇ ಹೇಳುತ್ತಿದ್ದೆ. ಓದಲಾಗದ ಸೆಕ್ಟರ್ ಸಿಕ್ಕ ಕೂಡಲೇ ಕ್ಲೋನ್ ನಿಂತುಹೋಗುತ್ತದೆ. ಒತ್ತಾಯಿಸಿ ದಾಟಿಸಿದರೆ ಆ ಜಾಗದಲ್ಲಿದ್ದ ವಿಂಡೋಸ್ ಕಡತ ತೂತಾಗಿಯೇ ಹೊಸ ಡ್ರೈವಿಗೆ ಬರುತ್ತದೆ. ಆರು ತಿಂಗಳ ನಂತರ ಕಾರಣವಿಲ್ಲದೆ ಏನೋ ಕೈಕೊಡುತ್ತದೆ, ಹೊಸ ಎಸ್‌ಎಸ್‌ಡಿಯನ್ನು ಬೈಯುತ್ತೇವೆ. ಇಲ್ಲಿ ಹೊಸದಾಗಿ ವಿಂಡೋಸ್ ಹಾಕುವುದೇ ಮೇಲು. ಆ ನಾಲ್ಕು ಫೋಟೋಗಳು ಬೇಕೇ ಬೇಕೆಂದರೆ ಡಿಡಿ‌ರೆಸ್ಕ್ಯೂ ಎಂಬ ಸಾಧನವಿದೆ. ಅದು ಮೊದಲು ಸುಲಭವಾಗಿ ಬರುವುದನ್ನೆಲ್ಲ ಬಾಚಿಕೊಂಡು, ಕಷ್ಟದ ಜಾಗಗಳಿಗೆ ಕೊನೆಯಲ್ಲಿ ಮರಳುತ್ತದೆ.

ತಂತಿಜಾಲ

ಹೊಸದಾಗಿ ಹಾಕಿದರೆ ತಂತ್ರಾಂಶ, ಪ್ರಿಂಟರ್, ಫಾಂಟು, ಕೀಲಿಮಣೆ ವಿನ್ಯಾಸ ಎಲ್ಲವನ್ನೂ ಒಂದೊಂದಾಗಿ ಹಾಕಬೇಕು. ಒಂದು ದಿನದ ಕೆಲಸ. ಅದನ್ನೂ ಹೇಳಿ.

ಕಡತಪಾಲಕಿ

ಹೌದು, ಒಂದು ದಿನದ ಕೆಲಸ. ಆ ದಿನವನ್ನು ಕೊಡಲೇಬೇಕು. ಬೆಳಗಿನ ಓದುಗರೇ, ಹಳೆಯ ಪರದೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಯಾವ ಐಕಾನ್ ಎಲ್ಲಿತ್ತು, ಅಕ್ಷರದ ಗಾತ್ರ ಎಷ್ಟಿತ್ತು ಎಂದು ನೋಡಿ ಹಾಗೆಯೇ ಜೋಡಿಸಬಹುದು. ಫಾಂಟುಗಳ ಫೋಲ್ಡರನ್ನು ಮರೆಯದೆ ನಕಲಿಸಿ. ಹಳೆಯ ಬರಹಗಳು ಯಾವ ಫಾಂಟಿನಲ್ಲಿದ್ದವೋ ಅದು ಇಲ್ಲದಿದ್ದರೆ ಪುಟ ತುಂಬ ಗೀಚು ಕಾಣುತ್ತದೆ.

ರಾತ್ರಿಪಾಳಿ

ವಿಂಡೋಸ್ ಕೀಲಿ ಮತ್ತೆ ಕೊಳ್ಳಬೇಕೇ?

ಸ್ಕ್ರೂಡ್ರೈವರ್

ಬೇಡ. ವಿಂಡೋಸ್ 10ರ ಡಿಜಿಟಲ್ ಪರವಾನಗಿ ಅಂಟಿಕೊಂಡಿರುವುದು ಮುಖ್ಯವಾಗಿ ಮದರ್‌ಬೋರ್ಡಿಗೆ. ಡಿಸ್ಕ್ ಬದಲಾದರೆ ಹೋಗುವುದಿಲ್ಲ. ಸ್ಥಾಪಿಸುವಾಗ ‘ಕೀಲಿ ಇಲ್ಲ’ ಎಂಬುದನ್ನು ಆರಿಸಿ, ಅದೇ ಆವೃತ್ತಿಯನ್ನು ಹಾಕಿ, ಅಂತರಜಾಲಕ್ಕೆ ಜೋಡಿಸಿದರೆ ಸಾಕು.

ಪೆಂಗ್ವಿನ್ ಪ್ರಿಯೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಾಲ್ಕನೆಯ ತಲೆಮಾರಿನ ಪ್ರೊಸೆಸರ್ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಹೊಸದಾಗಿ ಹಾಕುವುದೇ ಆದರೆ ಲಿನಕ್ಸ್ ಮಿಂಟ್ ಏಕಾಗಬಾರದು? ಎಸ್‌ಎಸ್‌ಡಿ ಮೇಲೆ ಅದು ಹಗುರವಾಗಿ ಓಡುತ್ತದೆ, ಕನ್ನಡ ಯೂನಿಕೋಡ್ ಟೈಪಿಂಗ್ ಚೆನ್ನಾಗಿದೆ. ನನ್ನ ತಾಯಿ ಮೂರು ವರ್ಷದಿಂದ ಬಳಸುತ್ತಿದ್ದಾರೆ.

ಬೆಳಗಿನ ಓದುಗ

ಅಪ್ಪನಿಗೆ ಅವರ ಬರೆಯುವ ತಂತ್ರಾಂಶವೇ ಬೇಕು, ಅದು ವಿಂಡೋಸ್‌ನದು. ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಬೆರಳಿಗೆ ಕೂತ ಅಭ್ಯಾಸವನ್ನು ಬದಲಿಸು ಎಂದು ಹೇಳಲು ನನಗೆ ಮನಸ್ಸಿಲ್ಲ.

ಪೆಂಗ್ವಿನ್ ಪ್ರಿಯೆ

ಅರ್ಥವಾಯಿತು. ಹಾಗಾದರೆ ವಿಸ್ತರಿತ ಭದ್ರತಾ ಅಪ್‌ಡೇಟ್‌ಗಳಿಗೆ ನೋಂದಾಯಿಸಿಕೊಳ್ಳಿ, ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಇದೆ. ಆ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾತ್ರ ಬೇಡ.

ಗುಬ್ಬಚ್ಚಿ

ಎಷ್ಟು ಗಾತ್ರದ್ದು ಕೊಳ್ಳುತ್ತೀರಿ? 400 ಜಿಬಿ ಇದೆ ಎಂದಿರಿ. 500 ಜಿಬಿ ಡ್ರೈವ್ ವಿಂಡೋಸ್‌ನಲ್ಲಿ 465 ಎಂದು ಕಾಣುತ್ತದೆ. ಅದರಲ್ಲಿ ವಿಂಡೋಸ್ ಮತ್ತು ತಂತ್ರಾಂಶಗಳಿಗೆ ಬೇಕಾದ ಜಾಗ ತೆಗೆದರೆ ಉಸಿರುಗಟ್ಟುತ್ತದೆ.

ರಾತ್ರಿಪಾಳಿ

ಆ 35 ಜಿಬಿ ಎಲ್ಲಿ ಹೋಗುತ್ತದೆ? ನನಗೂ ಹಾಗೆಯೇ ಆಯಿತು, ಮೋಸ ಎಂದುಕೊಂಡೆ.

ಅಂಕಿಲೆಕ್ಕ

ಎಲ್ಲಿಯೂ ಹೋಗಿಲ್ಲ. ತಯಾರಕರ ಜಿಬಿ ಎಂದರೆ ನೂರು ಕೋಟಿ ಬೈಟ್. ವಿಂಡೋಸ್‌ನ ಜಿಬಿ 1024ನ್ನು ಮೂರು ಸಲ ಗುಣಿಸಿದ್ದು, ಅಂದರೆ 107 ಕೋಟಿಗೂ ಹೆಚ್ಚು. ಬಟ್ಟೆ ಅಷ್ಟೇ ಇದೆ, ಅಳೆಯುವ ಕೋಲು ಬೇರೆ.

ಗಾತ್ರದ ಬಗ್ಗೆ ಗುಬ್ಬಚ್ಚಿ ಹೇಳಿದ್ದು ಸರಿ. ಡ್ರೈವ್ ತುಂಬಿ ತುಳುಕಿದರೆ ಬರೆಯುವ ವೇಗ ಕುಸಿಯುತ್ತದೆ, ಏಕೆಂದರೆ ಬಹಳಷ್ಟು ಡ್ರೈವ್‌ಗಳು ಖಾಲಿ ಜಾಗದ ಒಂದು ಭಾಗವನ್ನೇ ವೇಗದ ತಾತ್ಕಾಲಿಕ ಕಣಜವಾಗಿ ಬಳಸುತ್ತವೆ. ಎಲ್ಲವೂ ಒಂದೇ ಕಡೆ ಇರಬೇಕೆಂದರೆ 1 ಟಿಬಿ ಕೊಳ್ಳಿ.

ರಾತ್ರಿಪಾಳಿ

ಎಸ್‌ಎಸ್‌ಡಿಯಲ್ಲಿ ಬರೆದಂತೆಲ್ಲ ಸವೆಯುತ್ತದೆ ಎನ್ನುತ್ತಾರಲ್ಲ. ದಿನವೂ ಬರೆಯುವವರಿಗೆ ಎಷ್ಟು ವರ್ಷ ಬಾಳುತ್ತದೆ?

ಅಂಕಿಲೆಕ್ಕ

ಉದಾಹರಣೆಗೆ ಸ್ಯಾಮ್‌ಸಂಗ್ 870 ಇವೊ 500 ಜಿಬಿ ಡ್ರೈವಿಗೆ 300 ಟಿಬಿ ಬರವಣಿಗೆಯ ಖಾತರಿ ಇದೆ. ದಿನಕ್ಕೆ 20 ಜಿಬಿ ಬರೆದರೂ ವರ್ಷಕ್ಕೆ 7.3 ಟಿಬಿ, ನಲವತ್ತು ವರ್ಷ ಬೇಕು. ಕಾದಂಬರಿ ಬರೆಯುವವರು ದಿನಕ್ಕೆ 20 ಜಿಬಿಯ ಹತ್ತಿರಕ್ಕೂ ಬರುವುದಿಲ್ಲ. ಒಂದು ಕೋಶದಲ್ಲಿ ಮೂರು ಬಿಟ್ ಇಡುವ ಟಿಎಲ್‌ಸಿ, ನಾಲ್ಕು ಬಿಟ್ ಇಡುವ ಕ್ಯುಎಲ್‌ಸಿಗಿಂತ ಹೆಚ್ಚು ಬಾಳುತ್ತದೆ. ಟಿಎಲ್‌ಸಿಯನ್ನೇ ಆರಿಸಿ.

ಕಡತಪಾಲಕಿ

ಒಂದು ಎಚ್ಚರಿಕೆ. ಹಾರ್ಡ್ ಡಿಸ್ಕ್ ಹೋಗುವ ಮುನ್ನ ಟಕ್ ಟಕ್ ಎಂದು ಹೇಳಿಯಾದರೂ ಹೋಗುತ್ತದೆ. ಎಸ್‌ಎಸ್‌ಡಿಗೆ ಆ ದಾಕ್ಷಿಣ್ಯವೂ ಇಲ್ಲ. ನಿನ್ನೆ ಇತ್ತು, ಇವತ್ತು ಬಯಾಸ್‌ನಲ್ಲಿ ಹೆಸರೇ ಇಲ್ಲ. ನಲವತ್ತು ವರ್ಷದ ಲೆಕ್ಕ ನಂಬಿ ಬ್ಯಾಕಪ್ ನಿಲ್ಲಿಸಬೇಡಿ.

ನಿವೃತ್ತ ಮೇಷ್ಟ್ರು

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ತಿರುಗುವ ಡಿಸ್ಕಿನ ಮಾತು ಓದುತ್ತಾ ನೆನಪಾಯಿತು. 1956ರಲ್ಲಿ ಐಬಿಎಂ ತಂದ ಮೊದಲ ಡಿಸ್ಕ್ ಘಟಕದಲ್ಲಿ 24 ಇಂಚು ಅಗಲದ ಐವತ್ತು ತಟ್ಟೆಗಳಿದ್ದವು. ಅಷ್ಟು ತಟ್ಟೆಗಳಲ್ಲಿ ಹಿಡಿಯುತ್ತಿದ್ದದ್ದು ಐವತ್ತು ಲಕ್ಷ ಅಕ್ಷರಗಳು. ಇವತ್ತು ಮೊಬೈಲಿನ ಒಂದು ಫೋಟೋ ಅಷ್ಟು ಜಾಗ ಹಿಡಿಯುತ್ತದೆ. ಇದಕ್ಕೆಲ್ಲ ಕನ್ನಡದಲ್ಲಿ ಒಳ್ಳೆಯ ಹೆಸರು ಹುಟ್ಟಲಿಲ್ಲವಲ್ಲ ಎಂಬ ಕೊರಗು ನನಗಿದೆ. ‘ಘನಸ್ಥಿತಿ ಸಂಗ್ರಾಹಕ’ ಎಂದರೆ ಹೇಗೆ?

ಸ್ಕ್ರೂಡ್ರೈವರ್

ಮೇಷ್ಟ್ರೇ, ಅಂಗಡಿಯಲ್ಲಿ ಹಾಗೆ ಕೇಳಿದರೆ ನೀರಿನ ಟ್ಯಾಂಕ್ ತೋರಿಸುತ್ತಾರೆ. ಎಸ್‌ಎಸ್‌ಡಿ ಇರಲಿ.

ನಿವೃತ್ತ ಮೇಷ್ಟ್ರು

ಒಪ್ಪಲಾರೆ. ‘ಗಣಕ’ ಎಂದಾಗಲೂ ಹೀಗೆಯೇ ಹೇಳಿದವರಿದ್ದರು. ಆದರೆ ಈ ಚರ್ಚೆ ಬೇರೆ ದಿನಕ್ಕಿರಲಿ, ಇಲ್ಲಿ ಒಬ್ಬರ ಕೆಲಸ ಬಾಕಿ ಇದೆ. ಅವರಿಗೆ ನನ್ನದೊಂದು ಮಾತು. ವಿಂಡೋಸ್ ಸ್ಥಾಪಿಸುವಾಗ ಹಳೆಯ ಡಿಸ್ಕಿನ ಕೇಬಲನ್ನು ಕಳಚಿಡಿ. ನಾನು ಎರಡನ್ನೂ ಜೋಡಿಸಿಟ್ಟುಕೊಂಡೇ ಸ್ಥಾಪಿಸಿದೆ. ವಿಂಡೋಸ್ ಹೊಸದರಲ್ಲಿ ಕುಳಿತರೂ, ಎದ್ದೇಳಲು ಬೇಕಾದ ಸಣ್ಣ ಬೂಟ್ ಭಾಗ ಹಳೆಯದರಲ್ಲಿಯೇ ಉಳಿದಿತ್ತು. ಮೂರು ತಿಂಗಳ ನಂತರ ಹಳೆಯ ಡಿಸ್ಕನ್ನು ತೆಗೆದೆ, ಯಂತ್ರ ಏಳಲೇ ಇಲ್ಲ. ಕಾರಣ ತಿಳಿಯಲು ಎರಡು ದಿನ ಹಿಡಿಯಿತು.

ಗುಬ್ಬಚ್ಚಿ

ವಿದ್ಯುತ್ ಕೇಬಲ್ ಬಗ್ಗೆಯೂ ಒಂದು ಮಾತು. ಎಸ್‌ಎಂಪಿಎಸ್‌ನಿಂದ (ಯಂತ್ರಕ್ಕೆ ವಿದ್ಯುತ್ ಹಂಚುವ ಪೆಟ್ಟಿಗೆಯಿಂದ) ಬರುವ ಸಾಟಾ ಕನೆಕ್ಟರ್ ಸಾಲದೆ ಹೋದರೆ ನಾಲ್ಕು ಪಿನ್ನಿನ ಮೋಲೆಕ್ಸ್‌ಗೆ ಹಾಕುವ ಅಗ್ಗದ ಪರಿವರ್ತಕವನ್ನು ತರುತ್ತೇವೆ. ಅದರ ಸಾಟಾ ತುದಿ ತಂತಿಯೊಂದಿಗೆ ಒಂದೇ ಅಚ್ಚಿನಲ್ಲಿ ಹೊಯ್ದ ಪ್ಲಾಸ್ಟಿಕ್ ಆಗಿದ್ದರೆ ಬೇಡ. ಒಳಗೆ ತಂತಿಗಳು ಒಂದಕ್ಕೊಂದು ತಾಗುವ ಸಾಧ್ಯತೆ ಇದೆ. ನಮ್ಮದು ಒಂದು ಸಂಜೆ ಕಮಟು ವಾಸನೆ ಬಂದು, ತೆರೆದು ನೋಡಿದರೆ ತುದಿ ಕರಗಿ ಕಂದು ಬಣ್ಣಕ್ಕೆ ತಿರುಗಿತ್ತು.

ಸ್ಕ್ರೂಡ್ರೈವರ್

ಕೆಲಸ ಶುರುಮಾಡುವ ಮುನ್ನ ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಐದು ಸೆಕೆಂಡು ಒತ್ತಿ ಹಿಡಿಯಿರಿ. ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹವನ್ನು ಒಮ್ಮೆ ಮುಟ್ಟಿ ಮೈಯ ಸ್ಥಿರ ವಿದ್ಯುತ್ತನ್ನು ಇಳಿಸಿಕೊಳ್ಳಿ. ಡ್ರೈವ್ ಕೂರಿಸಲು 3.5 ಇಂಚಿನ ಜಾಗಕ್ಕೆ ಹೊಂದುವ ಬ್ರಾಕೆಟ್ ಸಿಗುತ್ತದೆ. ಇಲ್ಲದಿದ್ದರೂ ನಡೆಯುತ್ತದೆ, ತಿರುಗುವ ಭಾಗ ಯಾವುದೂ ಇಲ್ಲವಾದ್ದರಿಂದ ಅಲುಗಾಡದಂತೆ ಕಟ್ಟಿದರೆ ಸಾಕು. ಬಯಾಸ್‌ನಲ್ಲಿ ಸಾಟಾ ವಿಧಾನ ಎಎಚ್‌ಸಿಐ ಎಂದಿರಲಿ. ಐಡಿಇ ಎಂದಿದ್ದರೆ ಸ್ಥಾಪಿಸುವ ಮೊದಲೇ ಬದಲಿಸಿ, ಆಮೇಲೆ ಬದಲಿಸಿದರೆ ನೀಲಿ ಪರದೆ ಬರಬಹುದು.

ಬೆಳಗಿನ ಓದುಗ

ಆಯಿತು! 1 ಟಿಬಿ ಟಿಎಲ್‌ಸಿ ಸಾಟಾ ಡ್ರೈವ್ ತಂದು ಭಾನುವಾರ ಕೂರಿಸಿದೆ. ಹಳೆಯದನ್ನು ಕಳಚಿಟ್ಟು ವಿಂಡೋಸ್ ಹಾಕಿದೆ, ಪರವಾನಗಿ ತಾನಾಗಿಯೇ ಬಂತು. ಯಂತ್ರ ಹೊಸದರಂತೆ ಓಡುತ್ತಿದೆ. ಆದರೆ ವೇಗ ಅಳೆಯುವ ತಂತ್ರಾಂಶ ಹಾಕಿದರೆ ಓದುವ ವೇಗ 268 ಎಂಬಿ ಎನ್ನುತ್ತದೆ. ಪೆಟ್ಟಿಗೆಯ ಮೇಲೆ 560 ಎಂದಿದೆ. ಎರಡು ಸಲ ಅಳೆದೆ. ನಕಲಿ ಮಾಲು ಕೊಟ್ಟರೇ?

ಸ್ಕ್ರೂಡ್ರೈವರ್

ನಕಲಿ ಅಲ್ಲ. 268 ಎಂಬ ಅಂಕಿಯೇ ಎಲ್ಲವನ್ನೂ ಹೇಳುತ್ತಿದೆ. ಎಚ್81ರ ನಾಲ್ಕು ಸಾಟಾ ಪೋರ್ಟುಗಳಲ್ಲಿ ಎರಡು ಸೆಕೆಂಡಿಗೆ 6 ಗಿಗಾಬಿಟ್‌ನವು, ಎರಡು 3 ಗಿಗಾಬಿಟ್‌ನವು. ನೀವು ನಿಧಾನದ್ದಕ್ಕೆ ಚುಚ್ಚಿದ್ದೀರಿ. ಕೈಪಿಡಿಯ ಪುಟ ಓದಿಟ್ಟುಕೊಳ್ಳಿ ಎಂದದ್ದು ಇದಕ್ಕೇ.

ಬೆಳಗಿನ ಓದುಗ

ಈಗ ಟಾರ್ಚ್ ಹಿಡಿದು ನೋಡಿದೆ. ಪೋರ್ಟುಗಳ ಪಕ್ಕದಲ್ಲಿ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ಎರಡರ ಬಳಿ ‘ಸಾಟಾ 6ಜಿ’, ಇನ್ನೆರಡರ ಬಳಿ ‘ಸಾಟಾ 3ಜಿ’ ಎಂದಿದೆ. ಒಂದು 6ಜಿಯಲ್ಲಿ ಹಳೆಯ ಡಿಸ್ಕಿನ ಕೇಬಲ್ ಹಾಗೆಯೇ ನೇತಾಡುತ್ತಿತ್ತು, ಇನ್ನೊಂದರಲ್ಲಿ ಡಿವಿಡಿ ಡ್ರೈವ್. ಎಸ್‌ಎಸ್‌ಡಿ 3ಜಿಯಲ್ಲಿತ್ತು. ಬದಲಿಸಿದೆ. ಈಗ 541.

ಮತ್ತೆ ಗಡಿಯಾರ ಹಿಡಿದೆ. ಗುಂಡಿ ಒತ್ತಿದ ಕ್ಷಣದಿಂದ ಅಪ್ಪನ ಕಡತ ತೆರೆದುಕೊಳ್ಳುವವರೆಗೆ ಮೂವತ್ತನಾಲ್ಕು ಸೆಕೆಂಡು. 3ಜಿ ಪೋರ್ಟಿನಲ್ಲಿದ್ದಾಗ ಮೂವತ್ತೈದು ಇತ್ತು.

ಅಂಕಿಲೆಕ್ಕ

ನೋಡಿ, ಸಾಲಾಗಿ ಓದುವ ವೇಗ ಇಮ್ಮಡಿಯಾದರೂ ಉಳಿದದ್ದು ಒಂದೇ ಸೆಕೆಂಡು. ಮಿಂಚುಹುಳ ಅವರೇ, ನಾನು ಹೇಳುತ್ತಿದ್ದದ್ದು ಇದನ್ನೇ.

ಮಿಂಚುಹುಳ

ಈ ಲೆಕ್ಕಕ್ಕೆ ನನ್ನ ಬಳಿ ಎದುರು ಮಾತಿಲ್ಲ. ಓದುಗರೇ, ತಂದೆಯವರು ಏನೆಂದರು?

ಬೆಳಗಿನ ಓದುಗ

ಅವರಿಗೆ ಒಂದು ತೊಡಕಾಗಿದೆ. ಹಳೆಯ ಡಿಸ್ಕಿನ ಗುಂಯ್ ಎಂಬ ಸದ್ದು ಕೇಳಿದರೆ ಯಂತ್ರ ಕೆಲಸ ಮಾಡುತ್ತಿದೆ ಎಂದು ಅವರಿಗೆ ತಿಳಿಯುತ್ತಿತ್ತಂತೆ. ಈಗ ಸದ್ದೇ ಇಲ್ಲ. ಬರೆದದ್ದನ್ನು ಉಳಿಸಲು ಗುಂಡಿ ಒತ್ತಿ ‘ಉಳಿಯಿತೇ?’ ಎಂದು ನನ್ನನ್ನು ಕೂಗಿ ಕೇಳುತ್ತಾರೆ. ಹಳೆಯ ಡಿಸ್ಕನ್ನೂ ಪಕ್ಕದಲ್ಲಿ ಜೋಡಿಸಿ, ಫೋಟೋಗಳಿಗೆ ಬಳಸಲೇ? ಸದ್ದೂ ಇರುತ್ತದೆ.

ಕಡತಪಾಲಕಿ

ಆ ಡಿಸ್ಕಿನ ಮೇಲೆ ಇನ್ನು ಏನನ್ನೂ ಇಡಬೇಡಿ. 24 ಜಾಗ ಓದಲಾಗದೆ ನಿಂತಿರುವ ಡಿಸ್ಕ್ ಅದು, ನಾಳೆ 240 ಆಗಬಹುದು. ಆ ನಾಲ್ಕು ಫೋಟೋ ತೆಗೆಯುವ ಪ್ರಯತ್ನ ಮುಗಿಯುವವರೆಗೆ ಡ್ರಾಯರಿನಲ್ಲಿ ಇರಲಿ.

ತಂತಿಜಾಲ

ಕ್ಯಾಬಿನೆಟ್ ಮುಂಭಾಗದಲ್ಲಿ ಡಿಸ್ಕ್ ಕೆಲಸ ಮಾಡುವಾಗ ಮಿನುಗುವ ಪುಟ್ಟ ದೀಪ ಇರಬೇಕಲ್ಲ? ಅದು ಮದರ್‌ಬೋರ್ಡಿನಿಂದ ಬರುವ ಸಂಕೇತ, ಸಾಟಾ ಎಸ್‌ಎಸ್‌ಡಿಗೂ ಮಿನುಗುತ್ತದೆ.

ಬೆಳಗಿನ ಓದುಗ

ದೀಪ ಇದೆ, ಮಿನುಗುತ್ತಿಲ್ಲ. ಭಾನುವಾರದವರೆಗೆ ಮಿನುಗುತ್ತಿತ್ತು.

ತಂತಿಜಾಲ

ಕೆಲಸ ಮಾಡುವಾಗ ಕೈ ತಾಗಿ ತಂತಿ ಕಳಚಿದೆ. ಬೋರ್ಡಿನ ಕೆಳಮೂಲೆಯಲ್ಲಿ ಎರಡು ಸಾಲು ಸಣ್ಣ ಪಿನ್ನುಗಳ ಗುಂಪಿದೆ, ‘ಎಚ್‌ಡಿಡಿ ಎಲ್‌ಇಡಿ’ ಎಂದು ಬರೆದ ಎರಡು ಪಿನ್ನಿಗೆ ಆ ಸಣ್ಣ ಕನೆಕ್ಟರ್ ಕೂರಬೇಕು. ಯಂತ್ರ ಆರಿಸಿ ಕೂರಿಸಿ. ದೀಪ ಬರದಿದ್ದರೆ ತಿರುಗಿಸಿ ಹಾಕಿ, ಉಲ್ಟಾ ಹಾಕಿದರೆ ದೀಪ ಹೊತ್ತುವುದಿಲ್ಲ ಅಷ್ಟೇ, ಏನೂ ಕೆಡುವುದಿಲ್ಲ.

ಬೆಳಗಿನ ಓದುಗ

ತಿರುಗಿಸಿಯೇ ಹಾಕಬೇಕಾಯಿತು. ಈಗ ಅಪ್ಪ ಗುಂಡಿ ಒತ್ತಿ, ಬಗ್ಗಿ ಕೆಂಪು ದೀಪ ನೋಡುತ್ತಾರೆ. ಮಿನುಗಿದ ಮೇಲೆ ಮುಂದಿನ ಸಾಲು ಬರೆಯುತ್ತಾರೆ. ಇವತ್ತು ನನ್ನನ್ನು ಕೂಗಲಿಲ್ಲ.